ನೆತ್ತರಿನಲ್ಲಿ ಮರೆವಿನ ಸುಳಿವು

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ಕಣ್ಣಿಗೆ ಕಟ್ಟುವುದು ನಡುಗುವ ಕೈ, ಎಳೆದು ಹಾಕುವ ಹೆಜ್ಜೆ, ಭಾವ ಆರಿದ ಮುಖ. 1817ರಲ್ಲಿ ಈ ಕಾಯಿಲೆಯನ್ನು ಮೊದಲ ಬಾರಿ ಸವಿವರವಾಗಿ ಬರೆದಿಟ್ಟ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಕಂಡದ್ದೂ ಹೆಚ್ಚುಕಡಿಮೆ ಇಷ್ಟನ್ನೇ. ಅವರ ಪ್ರಬಂಧಕ್ಕೆ ಆಧಾರವಾದ ರೋಗಿಗಳು ಆರೇ ಮಂದಿ. ಅವರಲ್ಲೂ ಕೆಲವರನ್ನು ಬೀದಿಯಲ್ಲಿ ಕಂಡು ಗಮನಿಸಿದ್ದಷ್ಟೇ. ಇಂದ್ರಿಯಗಳಿಗಾಗಲಿ ಬುದ್ಧಿಗಾಗಲಿ ಊನವಿಲ್ಲ ಎಂದು ಅವರು ಷರಾ ಬರೆದರು. ಬೀದಿಯಲ್ಲಿ ಹಾದುಹೋದವರ ಬುದ್ಧಿಯನ್ನು ಅಳೆಯುವುದಾದರೂ ಹೇಗೆ? ಅರ್ಧ ಶತಮಾನದ ನಂತರ, ಈ ಕಾಯಿಲೆಗೆ ಪಾರ್ಕಿನ್ಸನ್ನರ ಹೆಸರನ್ನೇ ನಿಲ್ಲಿಸಿದ ಪ್ಯಾರಿಸ್ಸಿನ ಶಾರ್ಕೋ, ಬುದ್ಧಿಯೂ ಕ್ರಮೇಣ ಮಂಕಾಗುತ್ತದೆ ಎಂದು ಆ ಮಾತನ್ನು ತಿದ್ದಿದರು.

ತಿದ್ದುಪಡಿಗೆ ಈಗ ಅಂಕಿಅಂಶದ ಬೆಂಬಲವಿದೆ. ಕೇಂಬ್ರಿಜ್ ಸುತ್ತಮುತ್ತಲ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಶೇ. 46ರಷ್ಟು ಮಂದಿಗೆ ಡಿಮೆನ್ಷಿಯಾ ಬಂದಿತ್ತು. ಸಿಡ್ನಿಯ ಅಧ್ಯಯನದಲ್ಲಿ ಇಪ್ಪತ್ತು ವರ್ಷ ಬದುಕುಳಿದವರ ಪೈಕಿ ಶೇ. 83. ಆದರೆ 2024ರಲ್ಲಿ ಪ್ರಕಟವಾದ, ಬೇರೆ ರೀತಿಯಲ್ಲಿ ಆಯ್ದ ರೋಗಿಗಳ ಲೆಕ್ಕದಲ್ಲಿ ಹತ್ತು ವರ್ಷದ ಪ್ರಮಾಣ ಕೇಂಬ್ರಿಜ್‌ನದಕ್ಕಿಂತ ಬಹಳ ಕಡಿಮೆ ಕಂಡಿತು. ಎಂದರೆ ಕೆಲವರ ಬುದ್ಧಿ ಬೇಗ ಸವೆಯುತ್ತದೆ, ಕೆಲವರದು ಕೊನೆಯವರೆಗೂ ಚುರುಕಾಗಿಯೇ ಇರುತ್ತದೆ. ಯಾರದು ಹೇಗೆ ಎಂದು ಮೊದಲೇ ತಿಳಿಯುವ ಆಸೆಯಿಂದ ಸಂಶೋಧಕರು ರಕ್ತದ ಕಡೆ ತಿರುಗಿದ್ದಾರೆ. ಅಲ್ಲಿಂದಲೇ ಒಂದು ಹಳೆಯ ತಾತ್ತ್ವಿಕ ಪ್ರಶ್ನೆ ಹೊಸದಾಗಿ ಎದುರಾಗುತ್ತದೆ: ರಕ್ತದ ಒಂದು ಹನಿ ಬುದ್ಧಿಯ ಮುಂದಿನ ಗತಿಯನ್ನು ಹೇಳಬಲ್ಲುದಾದರೆ, ಬುದ್ಧಿ ಯಾರ ಸೊತ್ತು? ದೇಹದ್ದೋ, ದೇಹದಲ್ಲಿರುವವನದೋ?

ಬುದ್ಧಿ ಸವೆಯುವ ಬಗೆಯನ್ನು ಮೊದಲು ಹತ್ತಿರದಿಂದ ನೋಡಬೇಕು. ಆಲ್‌ಝೈಮರ್‌ನಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ನೆನಪು. ಪಾರ್ಕಿನ್ಸನ್‌ನಲ್ಲಿ ಮುಂಚಿತವಾಗಿ ಎಡವುವುದು ಯೋಜಿಸುವ, ಗಮನ ಬದಲಿಸುವ, ಜಾಗವನ್ನು ಅಂದಾಜಿಸುವ ಶಕ್ತಿ. ವೈದ್ಯರು ಒಂದು ಹಾಳೆ ಕೊಟ್ಟು, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎನ್ನುತ್ತಾರೆ. ವೃತ್ತ ಸರಿಯಾಗಿಯೇ ಬರುತ್ತದೆ. ಅಂಕಿಗಳು ಮಾತ್ರ ಒಂದೇ ಮಗ್ಗುಲಿಗೆ ಒತ್ತಾಗಿ ಕೂರುತ್ತವೆ. ಮುಳ್ಳುಗಳಲ್ಲಿ ಒಂದು ಹನ್ನೊಂದರತ್ತ, ಇನ್ನೊಂದು ಹತ್ತರತ್ತ ಹೊರಳುತ್ತದೆ. ಹತ್ತು ನಿಮಿಷ ಎಂಬುದನ್ನು ಎರಡರ ಅಂಕಿಗೆ ಒಯ್ಯಬೇಕಾದ ಮನಸ್ಸು ಕಿವಿಗೆ ಬಿದ್ದ ಹತ್ತರಲ್ಲೇ ಸಿಕ್ಕಿಕೊಂಡಿರುತ್ತದೆ. ಮುಂದೆ ಕೆಲವರಿಗೆ ಕೋಣೆಯ ಮೂಲೆಯಲ್ಲಿ ಮಕ್ಕಳೋ ಪ್ರಾಣಿಗಳೋ ಕಾಣತೊಡಗುತ್ತವೆ. ಮನೆಯವರನ್ನು ಇದಕ್ಕಿಂತ ಹೆಚ್ಚು ಕಂಗೆಡಿಸುವುದು ಉದಾಸೀನ. ದುಃಖವಲ್ಲ, ಬೇಸರವೂ ಅಲ್ಲ, ಬೇಕು ಎಂಬುದೇ ಬತ್ತಿಹೋದ ಸ್ಥಿತಿ.

ಮಿದುಳಿನಲ್ಲಿ ನಡೆಯುವುದು ಇಷ್ಟು: ಆಲ್ಫಾ-ಸೈನ್ಯೂಕ್ಲೀನ್ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡು ನರಕೋಶಗಳೊಳಗೆ ಗಂಟುಗಟ್ಟುತ್ತದೆ. 1912ರಲ್ಲಿ ನರವಿಜ್ಞಾನಿ ಲೆವಿ ಸೂಕ್ಷ್ಮದರ್ಶಕದಲ್ಲಿ ಕಂಡ ಆ ಗಂಟುಗಳು ಬಹುಪಾಲು ಈ ಪ್ರೋಟೀನಿನವೇ ಎಂದು ಗೊತ್ತಾದದ್ದು 1997ರಲ್ಲಿ. 1988ರಲ್ಲಿ ಕೆನಡಾದ ಮೆಕ್‌ಗೀರ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ತೋರಿಸಿದ್ದರು. ಸತ್ತ ರೋಗಿಗಳ ಮಿದುಳಿನ ಕಪ್ಪುಭಾಗದಲ್ಲಿ, ಡೋಪಮಿನ್ ತಯಾರಿಸುವ ಕೋಶಗಳು ಅಳಿದ ಜಾಗದಲ್ಲಿ, ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಕೆರಳಿ ನಿಂತಿದ್ದವು. 2017ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ರಕ್ತದಲ್ಲಿರುವ ಟಿ-ಕೋಶಗಳು ಆಲ್ಫಾ-ಸೈನ್ಯೂಕ್ಲೀನಿನ ತುಣುಕುಗಳನ್ನು ಗುರುತು ಹಿಡಿಯುತ್ತವೆ ಎಂದು ಕಂಡುಕೊಂಡರು. ದೇಹ ತನ್ನದೇ ಪ್ರೋಟೀನನ್ನು ಪರಕೀಯವೆಂದು ಬಗೆದಂತೆ. ಮಿದುಳಿನ ಕಾಯಿಲೆ ಮಿದುಳಿಗಷ್ಟೇ ಸೀಮಿತ ಎಂಬ ನಂಬಿಕೆ ಹೀಗೆ ಸಡಿಲವಾಯಿತು.

ರಕ್ತದಲ್ಲಿ ಅಳೆಯುವುದು ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾ, ಸಿ-ರಿಯಾಕ್ಟಿವ್ ಪ್ರೋಟೀನಿನಂಥ ಉರಿಯೂತದ ಸೂಚಕಗಳನ್ನು, ಜೊತೆಗೆ ಬಿಳಿರಕ್ತಕಣಗಳ ಬಗೆಬಗೆಯ ಪ್ರಮಾಣವನ್ನು. ಆರೋಗ್ಯವಂತರ ಒಂದು ಮಿಲಿಲೀಟರ್ ಸೀರಂನಲ್ಲಿ ಇಂಟರ್‌ಲ್ಯೂಕಿನ್-6 ಇರುವುದು ಕೆಲವೇ ಪಿಕೋಗ್ರಾಂ. ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. 2016ರಲ್ಲಿ 25 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು, ಪಾರ್ಕಿನ್ಸನ್ ಇರುವವರ ರಕ್ತದಲ್ಲಿ ಇಂಥ ಹಲವು ಸೂಚಕಗಳು ಸರಾಸರಿಯಲ್ಲಿ ಹೆಚ್ಚಿರುವುದನ್ನು ತೋರಿಸಿತು. ಅದೇ ವರ್ಷ ಕೇಂಬ್ರಿಜ್ ಮತ್ತು ನ್ಯೂಕಾಸಲ್‌ನ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಾಯಿಲೆ ಆಗತಾನೆ ಪತ್ತೆಯಾದವರ ರಕ್ತ ಪರೀಕ್ಷಿಸಿ 36 ತಿಂಗಳು ಅವರನ್ನು ಗಮನಿಸಿದಾಗ, ಉರಿಯೂತದ ಚಹರೆ ಎದ್ದುಕಂಡವರಲ್ಲಿ ಚಲನೆಯ ತೊಂದರೆ ಬೇಗ ಬೆಳೆದಿತ್ತು, ಮನಃಶಕ್ತಿಯ ಪರೀಕ್ಷೆಯಲ್ಲಿ ಅಂಕವೂ ಕಡಿಮೆ ಬಂದಿತ್ತು.

ಇಷ್ಟನ್ನು ಕೇಳಿ ತತ್ತ್ವಕ್ಕೆ ಜಿಗಿಯುವ ಮುನ್ನ, ಈ ಗುರುತು ಎಷ್ಟರಮಟ್ಟಿಗೆ ಗುರುತು ಎಂದು ಒರೆ ಹಚ್ಚಬೇಕು. ಈ ಕೆಲಸಕ್ಕೆ ಭಾರತದ ನೈಯಾಯಿಕರಿಗಿಂತ ಒಳ್ಳೆಯ ಜೊತೆಗಾರರು ಸಿಗುವುದು ಕಷ್ಟ. ಕಂಡದ್ದರಿಂದ ಕಾಣದ್ದಕ್ಕೆ ಹೋಗುವ ಅನುಮಾನ ಪ್ರಮಾಣವನ್ನು ನ್ಯಾಯಸೂತ್ರ ಮೂರು ಬಗೆಯಾಗಿ ವಿಂಗಡಿಸುತ್ತದೆ. ವಾತ್ಸ್ಯಾಯನರ ಭಾಷ್ಯದ ಪ್ರಕಾರ ಕವಿದ ಮೋಡ ಕಂಡು ಬರಲಿರುವ ಮಳೆಯನ್ನು ಊಹಿಸುವುದು ಒಂದು ಬಗೆ, ಅದು ಕಾರಣದಿಂದ ಕಾರ್ಯಕ್ಕೆ. ಉಕ್ಕಿದ ಹೊಳೆ ಕಂಡು ಮೇಲೆಲ್ಲೋ ಮಳೆಯಾಗಿದೆ ಎನ್ನುವುದು ಇನ್ನೊಂದು, ಕಾರ್ಯದಿಂದ ಕಾರಣಕ್ಕೆ. ಮೂರನೆಯದು ಸಾಮಾನ್ಯವಾಗಿ ಕಂಡ ಸಂಬಂಧದಿಂದ ಹೊರಡುವುದು. ರಕ್ತದಲ್ಲಿ ಏರಿದ ಇಂಟರ್‌ಲ್ಯೂಕಿನ್ ಮೋಡವೋ, ಹೊಳೆಯೋ? ಅದು ಮಿದುಳನ್ನು ಹಾಳುಮಾಡಲು ಹೊರಟ ಕಾರಣವಾಗಿರಬಹುದು. ಇಲ್ಲವೇ ಮಿದುಳು ಆಗಲೇ ಹಾಳಾದುದರ ಫಲವಾಗಿರಬಹುದು: ಓಡಾಟ ಕುಗ್ಗಿದ, ನುಂಗಲು ಕಷ್ಟಪಡುವ, ಮೂತ್ರದ ಸೋಂಕಿಗೆ ಮತ್ತೆ ಮತ್ತೆ ತುತ್ತಾಗುವ ಮೈಯಲ್ಲಿ ಉರಿಯೂತ ಏರುವುದು ಸಹಜ. ಕಾರಣದ ಪಕ್ಷಕ್ಕೂ ಆಧಾರಗಳಿವೆ. ರೋಗನಿರೋಧಕ ವ್ಯವಸ್ಥೆಯ ಎಚ್‌ಎಲ್‌ಎ ವಂಶವಾಹಿಗಳ ನೆಲೆಯಲ್ಲೇ ಪಾರ್ಕಿನ್ಸನ್ ಅಪಾಯಕ್ಕೆ ಸಂಬಂಧಿಸಿದ ವ್ಯತ್ಯಾಸಗಳು ಸಿಕ್ಕಿವೆ. ಹುಟ್ಟುವಾಗಲೇ ಬಂದ ವಂಶವಾಹಿ ಕಾಯಿಲೆಯ ಫಲವಾಗಿರಲಾರದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಯೋಪ್ರಿನ್ ಔಷಧವನ್ನು ಕೇಂಬ್ರಿಜ್ ತಂಡ ಪಾರ್ಕಿನ್ಸನ್ ರೋಗಿಗಳ ಮೇಲೆ ಪ್ರಯೋಗಿಸಲು ಕೈಹಾಕಿದ್ದು ಇದೇ ತರ್ಕದಿಂದ. ಕಾರಣವನ್ನು ತಗ್ಗಿಸಿದರೆ ಕಾರ್ಯವೂ ತಗ್ಗಬೇಕಲ್ಲವೇ?

ನೈಯಾಯಿಕರ ಇನ್ನೂ ಹರಿತವಾದ ಆಯುಧ ಉಪಾಧಿ. ಹೊಗೆ ಇದ್ದಲ್ಲಿ ಬೆಂಕಿ ಎಂಬುದು ಸರಿ. ಬೆಂಕಿ ಇದ್ದಲ್ಲಿ ಹೊಗೆ ಎಂಬುದು ತಪ್ಪು, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಬೆಂಕಿಯ ಜೊತೆ ಹೊಗೆ ಕಾಣುವಲ್ಲೆಲ್ಲ ನಡುವೆ ಹಸಿ ಸೌದೆಯಿದೆ. ಆ ಹಸಿ ಸೌದೆಯೇ ಉಪಾಧಿ. ಉರಿಯೂತ ಮತ್ತು ಬುದ್ಧಿಕ್ಷಯದ ನಡುವಿನ ಹಸಿ ಸೌದೆ ಯಾವುದು? ಮೊದಲನೆಯದಾಗಿ ವಯಸ್ಸು. ವಯಸ್ಸಾದಂತೆ ಎರಡೂ ಏರುತ್ತವೆ. ಬೊಜ್ಜು, ಸಕ್ಕರೆ ಕಾಯಿಲೆ, ವಸಡಿನ ಸೋಂಕು, ನಿದ್ದೆಗೇಡು ಎಲ್ಲವೂ ಅದೇ ಸಾಲಿಗೆ ಸೇರುತ್ತವೆ. ರಕ್ತ ತೆಗೆದದ್ದು ಬೆಳಿಗ್ಗೆಯೋ ಸಂಜೆಯೋ ಎಂಬುದರ ಮೇಲೂ ಇಂಟರ್‌ಲ್ಯೂಕಿನ್-6ರ ಮಟ್ಟ ಏರಿಳಿಯುತ್ತದೆ. ಸಂಖ್ಯಾಶಾಸ್ತ್ರಜ್ಞರು ಈ ಉಪಾಧಿಗಳನ್ನು ಲೆಕ್ಕದಲ್ಲಿ ಕಳೆಯಲು ಯತ್ನಿಸುತ್ತಾರೆ. ಎಣಿಕೆಗೆ ಸಿಕ್ಕಿದ್ದನ್ನು ಕಳೆಯಬಹುದು, ಸಿಗದ್ದನ್ನಲ್ಲ. ಎಷ್ಟು ಕಳೆದರೂ ಉಳಿಯುವುದು ಗುಂಪಿನ ಸರಾಸರಿ. ಅಪವಾದಗಳನ್ನು ಒಪ್ಪಿಕೊಂಡ ಸಂಬಂಧವನ್ನು ನೈಯಾಯಿಕರು ವ್ಯಾಪ್ತಿಯೆಂದು, ಅಂದರೆ ಎಂದೂ ತಪ್ಪದ ನಂಟೆಂದು, ಒಪ್ಪುವುದಿಲ್ಲ. ಅವರ ಕಟ್ಟುನಿಟ್ಟಿನ ಲೆಕ್ಕದಲ್ಲಿ ಇದು ಸಂಭಾವನೆ ಮಾತ್ರ. ಪರೀಕ್ಷೆಯ ವರದಿ ಹಿಡಿದು ಕುಳಿತ ಒಬ್ಬ ವ್ಯಕ್ತಿಯ ಬುದ್ಧಿ ಉಳಿಯುತ್ತದೋ ಅಳಿಯುತ್ತದೋ ಎಂದು ಇಂದಿನ ಉರಿಯೂತದ ಸೂಚಕಗಳು ಹೇಳಲಾರವು.

ಇಲ್ಲಿಗೇ ತಾತ್ತ್ವಿಕ ಪ್ರಶ್ನೆ ಮುಗಿಯಿತು ಎನ್ನುವವರಿದ್ದಾರೆ. ಸೂಚಕ ದುರ್ಬಲವಾದ್ದರಿಂದ ಆತ್ಮ ಕ್ಷೇಮ ಎಂಬ ಧಾಟಿ ಅದು. ಆದರೆ ನಾಳೆ ಸೂಚಕ ಬಲವಾದರೆ? ಅಳತೆಯ ದೌರ್ಬಲ್ಯದ ಮೇಲೆ ಕಟ್ಟಿದ ಶ್ರದ್ಧೆ ಅಳತೆ ಸುಧಾರಿಸಿದ ದಿನ ಕುಸಿಯುತ್ತದೆ. ಹಾಗಾಗಿ ಪ್ರಶ್ನೆಯನ್ನು ಅದರ ಗಟ್ಟಿ ರೂಪದಲ್ಲೇ ಎತ್ತಿಕೊಳ್ಳಬೇಕು: ದೇಹದ ರಸಗಳು ಕೆಟ್ಟಾಗ ಬುದ್ಧಿ ಕೆಡುತ್ತದೆ ಎಂಬುದನ್ನು ಪೂರ್ತಿ ಒಪ್ಪಿಕೊಂಡರೆ ಆತ್ಮದ ಬಗ್ಗೆ ಏನು ಹೇಳಿದಂತಾಯಿತು?

ಈ ಸಂಗತಿ ಉಪನಿಷತ್ತುಗಳ ಕಾಲಕ್ಕೆ ಹೊಸದಾಗಿರಲಿಲ್ಲ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ತಿಂದ ಅನ್ನದ ಅತಿ ಸೂಕ್ಷ್ಮ ಅಂಶವೇ ಮನಸ್ಸಾಗುತ್ತದೆ ಎಂದು ಹೇಳುತ್ತಾನೆ. ಹೇಳಿ ಸುಮ್ಮನಾಗುವುದಿಲ್ಲ, ಪ್ರಯೋಗಕ್ಕೇ ಇಳಿಸುತ್ತಾನೆ. ಹದಿನೈದು ದಿನ ಊಟ ಬಿಡು, ನೀರು ಮಾತ್ರ ಕುಡಿ ಎಂದು ಅಪ್ಪಣೆ. ಅವಧಿ ಮುಗಿಸಿ ಬಂದ ಮಗನಿಗೆ ಋಕ್ಕು, ಯಜುಸ್ಸು, ಸಾಮಗಳನ್ನು ಹೇಳು ಎನ್ನುತ್ತಾನೆ. ಹನ್ನೆರಡು ವರ್ಷ ಗುರುಕುಲದಲ್ಲಿದ್ದು, ಕಲಿತ ಬಿಂಕದಲ್ಲಿ ಮನೆಗೆ ಮರಳಿದ್ದ ಹುಡುಗನಿಗೆ ಒಂದೂ ಹೊಳೆಯುವುದಿಲ್ಲ. ಹೋಗಿ ಊಟ ಮಾಡು ಎನ್ನುತ್ತಾನೆ ತಂದೆ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಬರುತ್ತದೆ. ಮನಸ್ಸು ಅನ್ನಮಯ ಎಂದು ಮಗ ಒಪ್ಪುತ್ತಾನೆ. ಉಪವಾಸ, ಮರೆವು, ಊಟ, ನೆನಪು: ಒಂದನ್ನು ತೆಗೆದು ನೋಡಿ, ಮತ್ತೆ ಸೇರಿಸಿ ನೋಡುವ ಈ ಕ್ರಮದಲ್ಲಿ ಪ್ರಯೋಗಶಾಲೆಯ ಶಿಸ್ತಿದೆ. ಆತ್ಮದ ಉಪದೇಶಕ್ಕೆ ಹೆಸರಾದ ಅದೇ ಅಧ್ಯಾಯ ಮನಸ್ಸು ಭೌತಿಕ ಎಂಬ ಪಾಠವನ್ನು ಮೊದಲು ಮುಗಿಸಿಕೊಂಡು ಮುಂದೆ ಹೋಗುತ್ತದೆ ಎಂಬುದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಚಾರ್ವಾಕರು ಇಲ್ಲಿಯೇ ನಿಂತುಬಿಟ್ಟರು. ಹುಳಿಯುವ ಧಾನ್ಯದಲ್ಲಿ ಮದ ಹುಟ್ಟುವಂತೆ ಭೂತಗಳ ಕೂಟದಲ್ಲಿ ಚೈತನ್ಯ ಹುಟ್ಟುತ್ತದೆ, ಕೂಟ ಕೆಟ್ಟರೆ ಚೈತನ್ಯವೂ ಕೆಟ್ಟಿತು ಎಂದು ಅವರ ವಾದ. ಪಾರ್ಕಿನ್ಸನ್ನಿನ ರಕ್ತಪರೀಕ್ಷೆ ಅವರಿಗೆ ಸಿಕ್ಕ ಸಾಕ್ಷಿಯೆಂದೇ ತೋರುತ್ತದೆ. ಆದರೆ ಅದೇ ಸಾಕ್ಷಿ ಎದುರು ಪಕ್ಷಕ್ಕೂ ಸಲ್ಲುತ್ತದೆ. ಮನಸ್ಸು ಆತ್ಮದ ಕರಣ, ಅಂದರೆ ಸಲಕರಣೆ ಎಂದವರಿಗೆ ಸಲಕರಣೆ ಮುರಿದಾಗ ಕೆಲಸ ನಿಲ್ಲುವುದು ನಿರೀಕ್ಷಿತವೇ. ದೇಹ ಕೆಟ್ಟಾಗ ಬುದ್ಧಿ ಕೆಟ್ಟಿತು ಎಂಬ ಒಂದೇ ಸಂಗತಿಯಿಂದ ಇಬ್ಬರಲ್ಲಿ ಯಾರೂ ಗೆಲ್ಲುವುದಿಲ್ಲ. ವಿಜ್ಞಾನದ ಸುದ್ದಿಯನ್ನು ಹಿಡಿದು ಆತ್ಮ ಇಲ್ಲವೆಂದು ಸಾಧಿಸುವವರೂ ಉಂಟೆಂದು ಸಾಧಿಸುವವರೂ ಮುಗ್ಗರಿಸುವುದು ಇದೇ ಜಾಗದಲ್ಲಿ.

ನಿಜವಾದ ತೊಡಕು ಇನ್ನೊಂದು ಕಡೆ ಇದೆ. ಬಯಕೆಯೇ ಬತ್ತುವ ಉದಾಸೀನವನ್ನು ಮುರಿದ ಸಲಕರಣೆ ಎಂದು ವಿವರಿಸುವುದು ಸುಲಭವಲ್ಲ. ಕೈ ನಡುಗಿದಾಗ ಬರೆಯಬೇಕೆಂಬ ಆಸೆ ಒಳಗೆ ಉಳಿದಿರುತ್ತದೆ, ಉದಾಸೀನದಲ್ಲಿ ಆ ಆಸೆಯೇ ಇಲ್ಲ. ಚಿಕಿತ್ಸೆಯಿಂದ ಇದರ ತದ್ವಿರುದ್ಧವೂ ನಡೆಯುವುದುಂಟು. ಡೋಪಮಿನ್ ಕೆಲಸವನ್ನು ಅನುಕರಿಸುವ ಪ್ರಮಿಪೆಕ್ಸೋಲ್‌ನಂಥ ಮಾತ್ರೆ ನುಂಗುವ ಕೆಲವರಲ್ಲಿ ಜೂಜಿನ, ಖರೀದಿಯ ಹುಚ್ಚು ಹತ್ತುತ್ತದೆ. ಮಾತ್ರೆ ತಗ್ಗಿಸಿದರೆ ಹುಚ್ಚೂ ತಗ್ಗುತ್ತದೆ. ಆ ಹುಚ್ಚಿನಲ್ಲಿ ಮಾಡಿದ ಸಾಲಕ್ಕೆ ಕರ್ತೃ ಯಾರು?

ಈ ಪೆಟ್ಟು ಎಲ್ಲ ದರ್ಶನಗಳಿಗೂ ಒಂದೇ ಸಮ ತಾಗುವುದಿಲ್ಲ. ಸಾಂಖ್ಯರಿಗೆ ತಾಗುವುದೇ ಇಲ್ಲ. ಬುದ್ಧಿ, ಅಹಂಕಾರ, ಮನಸ್ಸು ಮೂರೂ ಪ್ರಕೃತಿಯ ಪರಿಣಾಮಗಳು, ಪುರುಷ ಬರಿಯ ನೋಡುವವನು ಎಂದು ಅವರು ಮೊದಲೇ ಪಾಲು ಹಂಚಿ ಮುಗಿಸಿದ್ದಾರೆ. ಬುದ್ಧಿಯ ಗತಿ ರಕ್ತದಲ್ಲಿ ಕಂಡರೆ ಪ್ರಕೃತಿಯ ಒಂದು ವಿಕಾರ ಇನ್ನೊಂದರಲ್ಲಿ ಕಂಡಿತು, ಅಷ್ಟೆ. ಅದ್ವೈತದ ಅಂತಃಕರಣವೂ ಜಡವೇ. ತರ್ಕ ಚೊಕ್ಕಟವಾಗಿದೆ. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು: ಮನೆಯವರು ಯಾರನ್ನು ಅಪ್ಪ, ಅವ್ವ ಎಂದು ಕರೆಯುತ್ತಾರೋ ಆ ನೆನಪು, ಆ ಮಾತಿನ ವರಸೆ, ಆ ಹಟ, ಆ ಅಕ್ಕರೆ ಎಲ್ಲವೂ ಜಡದ ಪಾಲಿಗೆ ಹೋದವು. ಉಳಿದ ಸಾಕ್ಷಿಗೆ ಯಾವ ಚಹರೆಯೂ ಇಲ್ಲ. ಕಳೆದುಹೋಗುತ್ತಿರುವವರ ಪಕ್ಕದಲ್ಲಿ ಕುಳಿತವರಿಗೆ ಈ ಸಮಾಧಾನ ತೀರ ತೆಳುವಾಗಿ ಕಾಣುತ್ತದೆ.

ನೈಯಾಯಿಕರು ಈ ಬೆಲೆ ತೆರಲು ಒಪ್ಪಲಿಲ್ಲ. ಬಯಕೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನ ಇವು ಆತ್ಮದ ಗುರುತುಗಳು ಎಂದು ನ್ಯಾಯಸೂತ್ರ ಎಣಿಸುತ್ತದೆ. ಹಾಗಾಗಿ ಉದಾಸೀನ ನೇರವಾಗಿ ಅವರ ಆತ್ಮದ ಬಾಗಿಲಿಗೇ ಬಂದು ನಿಲ್ಲುತ್ತದೆ. ಅವರ ಉತ್ತರವೂ ಸಿದ್ಧವಿದೆ: ಈ ಗುಣಗಳು ಆತ್ಮದಲ್ಲಿ ಹುಟ್ಟಲು ಮನಸ್ಸಿನ, ದೇಹದ ಸಂಯೋಗ ಬೇಕು. ಸಂಯೋಗ ಕೆಟ್ಟರೆ ಗುಣ ಹುಟ್ಟದು, ಆತ್ಮ ಮಾತ್ರ ಇದ್ದೇ ಇರುತ್ತದೆ. ಮೋಕ್ಷದಲ್ಲಿಯೂ ಈ ಗುಣಗಳೆಲ್ಲ ನಿಲ್ಲುತ್ತವೆಂದು ಅವರ ಮತ. ಇದು ಕಲ್ಲಿನ ಮೋಕ್ಷವೆಂದು ಎದುರಾಳಿಗಳು ಗೇಲಿ ಮಾಡಿದರು. ಶ್ರೀಹರ್ಷನ ನೈಷಧೀಯಚರಿತದಲ್ಲಿ ಚಾರ್ವಾಕನ ಬಾಯಲ್ಲೇ ಆ ಕುಹಕ ಬರುತ್ತದೆ.

ಕನ್ನಡ ನಾಡಿನಲ್ಲಿ ಬೇರುಬಿಟ್ಟ ಎರಡು ದರ್ಶನಗಳ ಮಾತು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಉಡುಪಿಯ ಮಧ್ವಾಚಾರ್ಯರ ಪ್ರಕಾರ ಸಾಕ್ಷಿ ಎಂಬುದು ಜೀವದ ಸ್ವರೂಪಕ್ಕೇ ಸೇರಿದ ಇಂದ್ರಿಯ, ಮನಸ್ಸು ಅದರಿಂದ ಬೇರೆಯಾದ, ತಪ್ಪಬಲ್ಲ ಇಂದ್ರಿಯ. ಸುಖ, ದುಃಖ, ಕಾಲ ಇವುಗಳನ್ನು ಸಾಕ್ಷಿ ನೇರವಾಗಿ ಅರಿಯುತ್ತದೆ. ಡಿಮೆನ್ಷಿಯಾ ಇರುವವರು ಇಂದು ಯಾವ ವಾರ ಎಂದು ಹೇಳಲಾರರು, ಕಾಲವನ್ನು ಅರಿಯುವ ಸಾಕ್ಷಿ ಎಲ್ಲಿ ಹೋಯಿತು ಎಂದು ಕೇಳಬಹುದು. ವಾರ, ತಾರೀಖು ಲೆಕ್ಕ ಹಾಕಿ ತಿಳಿಯುವಂಥವು, ಅದು ಮನಸ್ಸಿನ ಕೆಲಸ. ಹೊತ್ತು ಸರಿಯುತ್ತಿದೆ, ನೋವಾಗುತ್ತಿದೆ, ಹಾಯೆನಿಸುತ್ತಿದೆ ಎಂಬ ಅರಿವು ಬೇರೆ. ತಾರೀಖು ಮರೆತವರೂ ಕಾಯಿಸಿದಾಗ ಚಡಪಡಿಸುತ್ತಾರೆ, ಗದರಿದರೆ ನೊಂದುಕೊಳ್ಳುತ್ತಾರೆ. ಎಂದರೆ ಮಧ್ವರ ಸಾಕ್ಷಿ ಸಾಂಖ್ಯರ ಪುರುಷನಂತೆ ಬರಿದಾಗಿಲ್ಲ. ಅದು ನೋಯಬಲ್ಲ, ನಲಿಯಬಲ್ಲ ವ್ಯಕ್ತಿಯದು, ಆ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗಿಂತ ಬೇರೆ.

ಜೈನರು ಇನ್ನೊಂದು ದಾರಿ ಹಿಡಿದರು. ಜ್ಞಾನವೇ ಜೀವದ ಸ್ವಭಾವ. ಜ್ಞಾನಾವರಣೀಯ ಕರ್ಮ ಅದನ್ನು ಮುಚ್ಚುತ್ತದೆ, ಆ ಕರ್ಮ ಪುದ್ಗಲ, ಅಂದರೆ ದ್ರವ್ಯವೇ. ಎಷ್ಟೇ ಮುಚ್ಚಿದರೂ ಪೂರ್ತಿ ಮುಚ್ಚಲಾಗದು, ಅತ್ಯಂತ ಕೆಳಗಿನ ಜೀವಿಯಲ್ಲೂ ಅರಿವಿನ ಅತ್ಯಲ್ಪ ಅಂಶ ತೆರೆದೇ ಇರುತ್ತದೆ. ಇಲ್ಲವಾದರೆ ಜೀವ ಅಜೀವವಾಗಿಬಿಡುತ್ತಿತ್ತು. ದ್ರವ್ಯವೊಂದು ಅರಿವಿಗೆ ಅಡ್ಡ ಬರುತ್ತದೆ ಎಂಬುದನ್ನು ಕೇಳಿದೊಡನೆ ಉರಿಯೂತದ ಪ್ರೋಟೀನೇ ಕರ್ಮಪುದ್ಗಲ ಎಂದು ತಾಳೆ ಹಾಕುವ ಉತ್ಸಾಹ ಬರಬಹುದು. ಅದು ಎರಡಕ್ಕೂ ಮಾಡುವ ಅನ್ಯಾಯ. ಕರ್ಮಪುದ್ಗಲ ಇಂದ್ರಿಯಕ್ಕೆ ನಿಲುಕದ್ದು, ಇಂಟರ್‌ಲ್ಯೂಕಿನ್ ಪ್ರಯೋಗಶಾಲೆಯ ತಟ್ಟೆಯಲ್ಲಿ ಬಣ್ಣ ಬದಲಿಸಿ ಕಾಣಿಸಿಕೊಳ್ಳುವಂಥದ್ದು. ಉಳಿಸಿಕೊಳ್ಳಬೇಕಾದ್ದು ಮುಚ್ಚುವುದೇ ಬೇರೆ, ಅಳಿಸುವುದೇ ಬೇರೆ ಎಂಬ ವಿವೇಕವನ್ನು. ಪಾರ್ಕಿನ್ಸನ್ ಡಿಮೆನ್ಷಿಯಾದಲ್ಲಿ ಅರಿವು ದಿನದೊಳಗೇ ಏರಿಳಿಯುತ್ತದೆ. ಬೆಳಿಗ್ಗೆ ಮಗಳ ಹೆಸರು ಹಿಡಿದು ಮಾತಾಡಿದವರು ಸಂಜೆ ಅವಳನ್ನು ಯಾರೆಂದು ಕೇಳುತ್ತಾರೆ, ಮರುದಿನ ಮತ್ತೆ ಗುರುತಿಸುತ್ತಾರೆ. ಅಳಿದುಹೋದದ್ದು ಹೀಗೆ ಮರಳಿ ಬರುವುದಿಲ್ಲ.

ಕರ್ಮದ ಮಾತು ಬಂದಾಗ ಕುಟುಂಬಗಳಲ್ಲಿ ಕೇಳಿಬರುವ ಇನ್ನೊಂದು ಪ್ರಶ್ನೆಯನ್ನೂ ಮುಟ್ಟಬೇಕು: ಯಾವ ಜನ್ಮದ ಪಾಪ ಇದು? ರಕ್ತಪರೀಕ್ಷೆ ಈ ಪ್ರಶ್ನೆಯನ್ನು ಅಳಿಸುತ್ತದೆ ಎಂದು ನಂಬುವುದು ಭೋಳೇತನ. ಅದು ಪ್ರಶ್ನೆಗೆ ಹೊಸ ಅಂಗಿ ತೊಡಿಸುತ್ತದೆ. ಉರಿಯೂತಕ್ಕೂ ಬೊಜ್ಜಿಗೂ ಜಡ ಬದುಕಿಗೂ ನಂಟಿದೆ ಎಂದು ಗೊತ್ತಾದ ಮೇಲೆ, ವಾಕಿಂಗ್ ಮಾಡಲಿಲ್ಲ, ಹಲ್ಲು ನೋಡಿಕೊಳ್ಳಲಿಲ್ಲ, ಅದಕ್ಕೇ ಹೀಗಾಯಿತು ಎಂಬ ದೂರು ಶುರುವಾಗುತ್ತದೆ. ಹಿಂದಿನ ಜನ್ಮದ ಲೆಕ್ಕದ ಪುಸ್ತಕದ ಜಾಗಕ್ಕೆ ಈ ಜನ್ಮದ್ದು ಬರುತ್ತದೆ. ಸರಾಸರಿಯ ಸಂಬಂಧವನ್ನು ಒಬ್ಬರ ಮೇಲೆ ಅಪರಾಧವಾಗಿ ಹೊರಿಸುವುದು ಉಪಾಧಿಯನ್ನು ಮರೆತ ಅನುಮಾನವೇ.

ಉಳಿದದ್ದು ಭವಿಷ್ಯ ತಿಳಿಸುವ ಪ್ರಶ್ನೆ. ಬುದ್ಧಿ ಮಂಕಾದ ಮೇಲೆ ಕೊಡಲು ರಿವಾಸ್ಟಿಗ್ಮಿನ್‌ನಂಥ ಔಷಧವಿದೆ, ಅದರ ಪ್ರಯೋಜನ ಸಾಧಾರಣ. ಮಂಕಾಗದಂತೆ ತಡೆಯುವ ಸಾಬೀತಾದ ಔಷಧವಿಲ್ಲ. ಪರಿಹಾರವಿಲ್ಲದ ಮುನ್ಸೂಚನೆ ಯಾಕೆ ಬೇಕು ಎಂದರೆ, ನಿರ್ಧರಿಸುವ ಶಕ್ತಿ ಇರುವಾಗಲೇ ನಿರ್ಧರಿಸಲು ಎಂಬುದೊಂದೇ ಗಟ್ಟಿ ಉತ್ತರ. ಭಾರತದಲ್ಲಿ ಇದಕ್ಕೆ ಕಾನೂನಿನ ದಾರಿಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮುಂಗಡವಾಗಿ ಬರೆದಿಡಲು ಅವಕಾಶ ಕೊಟ್ಟಿದೆ. ಕೊನೆಗಾಲದ ಜೀವರಕ್ಷಕ ಚಿಕಿತ್ಸೆಯ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಮುಂಗಡ ನಿರ್ದೇಶನವನ್ನು ಮಾನ್ಯ ಮಾಡಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಆ ತೀರ್ಪನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಇಲ್ಲಿ ತತ್ತ್ವಶಾಸ್ತ್ರ ಮತ್ತೆ ತಲೆಹಾಕುತ್ತದೆ. ಇಂದು ಬರೆದಿಡುವವನೂ ನಾಳೆ ಏನೂ ನೆನಪಿಲ್ಲದೆ, ಆದರೆ ಬಿಸಿಲಿನಲ್ಲಿ ಕುಳಿತು ನೆಮ್ಮದಿಯಾಗಿರುವವನೂ ಒಬ್ಬನೇ ಏನು? ತತ್ತ್ವಜ್ಞ ರೊನಾಲ್ಡ್ ಡ್ವೊರ್ಕಿನ್ ಹಳಬನ ಮಾತೇ ನಡೆಯಬೇಕೆಂದರು. ಕಾನೂನು ಪಂಡಿತೆ ರೆಬೆಕಾ ಡ್ರೆಸರ್ ಈಗಿನವನ ಸುಖದುಃಖ ನೋಡಬೇಕೆಂದರು. ನೆನಪಿನ ಎಳೆಯೇ ವ್ಯಕ್ತಿ ಎನ್ನುವವರಿಗೆ ಈ ಗಂಟು ಬಿಡಿಸುವುದು ಕಷ್ಟ. ಸುಖದುಃಖ ಅರಿಯುವ ಸಾಕ್ಷಿಯೇ ವ್ಯಕ್ತಿ ಎನ್ನುವ ಮಧ್ವರ ನಿಲುವಿನಲ್ಲಿ ವ್ಯಕ್ತಿ ಒಬ್ಬನೇ, ಮತ್ತು ಈಗ ನೋಯುವವನ ನೋವನ್ನು ಹಿಂದೆ ಬರೆದ ಕಾಗದ ರದ್ದುಮಾಡಲಾರದು. 2017ರ ಕಾಯ್ದೆ ತನ್ನದೇ ದಾರಿಯಿಂದ ಇದಕ್ಕೆ ಹತ್ತಿರ ಬರುತ್ತದೆ. ಮಾನಸಿಕ ಕಾಯಿಲೆ ಇದೆ ಎಂಬ ಕಾರಣಕ್ಕೆ ಯಾರನ್ನೂ ಅಸಮರ್ಥರೆಂದು ಎಣಿಸುವಂತಿಲ್ಲ. ಅವರ ನಿರ್ಧಾರ ಬೇರೆಯವರಿಗೆ ತಪ್ಪೆನಿಸಿತು ಎಂಬಷ್ಟಕ್ಕೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ನೋಡಬೇಕಾದ್ದು ಹೇಳಿದ್ದು ಅರ್ಥವಾಗುತ್ತದೆಯೇ, ಪರಿಣಾಮ ತಿಳಿಯುತ್ತದೆಯೇ, ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಬಲ್ಲರೇ ಎಂಬುದನ್ನು. ಪಾರ್ಕಿನ್ಸನ್ನಿನಲ್ಲಿ ಅರಿವು ಹೊತ್ತಿನಿಂದ ಹೊತ್ತಿಗೆ ಬದಲಾಗುವುದರಿಂದ ಆ ಪರೀಕ್ಷೆಯನ್ನು ಮಾತ್ರೆ ಕೆಲಸ ಮಾಡುತ್ತಿರುವ, ಮೈಮನಸ್ಸು ಹಗುರಾಗಿರುವ ಹೊತ್ತಿನಲ್ಲಿ, ರೋಗಿಯ ಎದುರು ಕುಳಿತೇ ಮಾಡಬೇಕಾಗುತ್ತದೆ. ರಕ್ತದ ವರದಿಯಲ್ಲಿ ಆ ಉತ್ತರ ಇರುವುದಿಲ್ಲ.